ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾನೆ. ಶಾಲೆಯಲ್ಲಿ ಟೀಚರ್ ಕೇಳಿದ್ದಕ್ಕಷ್ಟೇ ಉತ್ತರ. ಯಾರಾದರೂ ಪೆನ್ಸಿಲ್ ಕಿತ್ತುಕೊಂಡರೂ ಸುಮ್ಮನಿರುತ್ತಾನೆ. ಆಟದ ಪೀರಿಯಡ್‌ನಲ್ಲಿ ಗೋಡೆಗೆ ಒರಗಿ ಬೇರೆಯವರ ಆಟ ನೋಡುತ್ತಾ ನಿಲ್ಲುತ್ತಾನಂತೆ. ಟೀಚರ್ ಹೇಳಿದರು ಅಂತ ಒಬ್ಬ ಸೈಕಾಲಜಿಸ್ಟ್ ಹತ್ತಿರ ಹೋದೆವು. ಅವರು ಗ್ರೂಪ್ ಪ್ಲೇ ಥೆರಪಿಗೆ, ಅಂದರೆ ಗುಂಪಿನಲ್ಲಿ ಆಡಿಸುತ್ತಾ ಮಾಡುವ ಚಿಕಿತ್ಸೆಗೆ, ಸೇರಿಸಿದರು. ನಾಲ್ಕು ಮಕ್ಕಳು, ಪ್ರತಿ ಶನಿವಾರ 45 ನಿಮಿಷ. ಆರು ವಾರ ಆಯಿತು. ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಮಕ್ಕಳು ಆಡುತ್ತಿದ್ದರು, ಮೇಡಂ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಇದಕ್ಕೆ ದುಡ್ಡು ಕೊಡಬೇಕಾ? ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಎಂದೂ ಎದುರಾಡದ ಹುಡುಗ ಈಗ ಹಟ ಮಾಡುತ್ತಾನೆ. ಮೊನ್ನೆ ನಾದಿನಿಯ ಮಗ ಕಾರು ಮುಟ್ಟಿದ್ದಕ್ಕೆ 'ಇದು ನಂದು, ಕೊಡಲ್ಲ' ಅಂತ ಕಿತ್ತುಕೊಂಡ. ನಾನು ಬೆನ್ನಿಗೆ ಒಂದು ಏಟು ಕೊಟ್ಟೆ. ಅತ್ತೆಯವರಿಗೆ ಥೆರಪಿ ವಿಷಯ ಹೇಳಿಲ್ಲ. ಹೇಳಿದರೆ 'ಮಗುಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಸಾರ್ತೀಯಾ, ಬೀದಿಲಿ ಆಡಿದ್ರೆ ಸರಿಹೋಗ್ತಾನೆ' ಅನ್ನುತ್ತಾರೆ. ಡ್ರಾಯಿಂಗ್ ಕ್ಲಾಸ್ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗುತ್ತಿದ್ದೇನೆ. ಕಳೆದ ವಾರ ಅವರು 'ಏನು ಚಿತ್ರ ಬರೆದೆ ತೋರ್ಸು' ಅಂದಾಗ ಮಗ ನನ್ನ ಮುಖ ನೋಡಿದ. ನಿಲ್ಲಿಸಿಬಿಡಲಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ. ಮೊದಲು ಅಷ್ಟು ಹೇಳಿಬಿಡುತ್ತೇನೆ.

ನಾವು ಚಿಕ್ಕವರಿದ್ದಾಗ ದೊಡ್ಡ ಮಕ್ಕಳು ಲಗೋರಿ ಆಡುವಾಗ ಯಾರದೋ ತಮ್ಮ ಅಳುತ್ತಾ ಬಂದರೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸಿಕೊಳ್ಳುತ್ತಿದ್ದೆವು. ಅವನು ಓಡಬಹುದು, ಕೂಗಬಹುದು. ಔಟಾದರೂ ಔಟಲ್ಲ, ಗೆದ್ದರೂ ಗೆದ್ದ ಹಾಗಲ್ಲ. ನಿಮ್ಮ ಮಗನಿಗೆ ಶಾಲೆಯಲ್ಲಿ ಆ ಜಾಗವೂ ಸಿಕ್ಕಿಲ್ಲ. ಶನಿವಾರದ ಆ ಕೋಣೆಯಲ್ಲಿ ಅವನು ಲೆಕ್ಕಕ್ಕಿದ್ದಾನೆ. ನಾಲ್ಕೇ ಮಕ್ಕಳು ಅಂದರೆ ಒಬ್ಬ ಮೂಲೆ ಸೇರಿದರೂ ಉಳಿದವರಿಗೆ ಗೊತ್ತಾಗುತ್ತದೆ. ಅತ್ತೆಯವರು ಹೇಳುವ ಬೀದಿ ಆಟ ಒಳ್ಳೆಯದೇ, ಸುಳ್ಳಲ್ಲ. ಆದರೆ ಬೀದಿಯಲ್ಲಿ ಜೋರಿನವರದೇ ನಡೆಯುತ್ತದೆ. ಗೋಡೆಗೆ ಒರಗಿ ನಿಂತವನನ್ನು ಯಾರು ನೋಡುತ್ತಾರೆ?

ಮೇಡಂ ಸುಮ್ಮನೆ ಕೂತಿದ್ದರು ಅಂದಿರಿ. ಇಂಥ ಕೋಣೆಗಳಲ್ಲಿ ನಾನೂ ಕೂತವಳು. ಆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಒಂದು ಸಲ ಇಬ್ಬರು ಮಕ್ಕಳು ಒಂದೇ ಪ್ಲಾಸ್ಟಿಕ್ ಬಸ್ಸನ್ನು ಎರಡೂ ಕಡೆಯಿಂದ ಹಿಡಿದು ಎಳೆಯುತ್ತಿದ್ದರು. ಮನೆಯಲ್ಲಾಗಿದ್ದರೆ ನಾನು 'ಅವನು ಚಿಕ್ಕವನು, ಕೊಡು' ಅನ್ನುತ್ತಿದ್ದೆ. ಅಲ್ಲಿ ಅಂದಿದ್ದು ಇಷ್ಟೇ: 'ಇಬ್ಬರಿಗೂ ಬಸ್ಸೇ ಬೇಕು. ಬಸ್ಸು ಒಂದೇ ಇದೆ.' ಆಮೇಲೆ ಬಾಯಿ ಮುಚ್ಚಿಕೊಂಡೆ. ಒಂದು ನಿಮಿಷ ಎಳೆದಾಟ ನಡೆಯಿತು. ಅಷ್ಟರಲ್ಲಿ ಅದುವರೆಗೆ ಮರಳಿನ ತಟ್ಟೆ ಬಿಟ್ಟು ಏಳದಿದ್ದ ಹುಡುಗಿಯೊಬ್ಬಳು ಸ್ಟೂಲು ಎಳೆದುಕೊಂಡು ಬಂದು 'ರೈಟ್ ರೈಟ್, ಟಿಕೆಟ್ ತಗೊಳ್ಳಿ' ಅಂದಳು. ಎಳೆಯುತ್ತಿದ್ದವರಲ್ಲಿ ಒಬ್ಬ ಡ್ರೈವರ್ ಆದ, ಇನ್ನೊಬ್ಬ ಪ್ಯಾಸೆಂಜರ್ ಆಗಿ ಜಗಳ ಶುರು ಮಾಡಿದ: 'ಚಿಲ್ರೆ ಕೊಡಿ!' ನಾನು ಮಧ್ಯೆ ಬಾಯಿ ಹಾಕಿದ್ದರೆ ಆ ಹುಡುಗಿ ಮರಳಿನಲ್ಲೇ ಕೂತಿರುತ್ತಿದ್ದಳು.

ಹಾಗಂತ ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಹೊಡೆಯಲು ಕೈ ಎತ್ತಿದರೆ ತಡೆಯುತ್ತಾರೆ. 'ನಿನಗೆ ಸಿಟ್ಟು ಬಂದಿದೆ. ಅವನನ್ನು ಹೊಡೆಯೋ ಹಾಗಿಲ್ಲ. ಈ ದಿಂಬನ್ನು ಹೊಡಿ' ಅನ್ನುತ್ತಾರೆ. ಸಿಟ್ಟು ಬಂದಿದ್ದಕ್ಕೆ ಬೈಗುಳ ಇಲ್ಲ, ಅದನ್ನು ತೋರಿಸುವ ದಾರಿ ಮಾತ್ರ ಬದಲಾಗುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯೂ ಅಲ್ಲ. ನ್ಯೂಯಾರ್ಕಿನಲ್ಲಿ ಗುಂಪು ಚಿಕಿತ್ಸೆ ಶುರು ಮಾಡಿದವರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸ್ಲಾವ್‌ಸನ್ 1934ರಲ್ಲೇ ಮಕ್ಕಳನ್ನು ಸಣ್ಣ ಗುಂಪು ಮಾಡಿ ಈ ರೀತಿ ಕೆಲಸ ಶುರು ಮಾಡಿದ್ದರು. ಆಮೇಲೆ ಬಂದ ಮಕ್ಕಳ ಮನಶ್ಶಾಸ್ತ್ರಜ್ಞ ಹೈಮ್ ಗಿನಾಟ್, ಗುಂಪಿಗೆ ಯಾವ ಮಗು ಸೂಕ್ತ ಅಂತ ನೋಡಲು ಒಂದು ಮುಖ್ಯ ಗುರುತು ಕೊಟ್ಟರು: ಮಗುವಿಗೆ ಜೊತೆಯ ಹಸಿವು ಇರಬೇಕು. ಬೇರೆ ಮಕ್ಕಳು ತನ್ನನ್ನು ಸೇರಿಸಿಕೊಳ್ಳಲಿ ಅನ್ನುವ ಆಸೆ. ನಿಮ್ಮ ಮಗ ಆಟದ ಪೀರಿಯಡ್ ಪೂರ್ತಿ ಬೇರೆಯವರ ಆಟ ನೋಡುತ್ತಾ ನಿಲ್ಲುತ್ತಾನೆ. ಹಸಿವಿಲ್ಲದವನು ಊಟದ ಪಂಕ್ತಿ ನೋಡುತ್ತಾ ನಿಲ್ಲುತ್ತಾನಾ?

ಇನ್ನು ಹಟದ ವಿಷಯ. ಪೆನ್ಸಿಲ್ ಕಿತ್ತುಕೊಂಡರೂ ಸುಮ್ಮನಿದ್ದ ಹುಡುಗ ಮೊದಲ ಸಲ 'ಇದು ನಂದು' ಅಂದಿದ್ದಾನೆ. ಅದೂ ಎಲ್ಲಿ? ಏಟು ಬಿದ್ದರೂ ಪ್ರೀತಿ ಕಮ್ಮಿಯಾಗಲ್ಲ ಅನ್ನುವ ಧೈರ್ಯ ಇರುವ ಮನೆಯಲ್ಲಿ. ಆ ಕೋಣೆಯಲ್ಲಿ ಕಲಿತದ್ದನ್ನು ಮೊದಲು ನಿಮ್ಮ ಮೇಲೇ ಪ್ರಯೋಗ ಮಾಡುತ್ತಿದ್ದಾನೆ. ಆರು ವಾರದ ಆಸುಪಾಸಿನಲ್ಲಿ ಹೀಗಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಮುಂದಿನ ಸಲ ಏಟಿನ ಬದಲು ಆ ಮೇಡಂ ಮಾತನ್ನೇ ಎರವಲು ತನ್ನಿ: 'ಕಾರು ನಿಂದೇ. ಅವನು ಕೇಳದೆ ಮುಟ್ಟಿದ್ದಕ್ಕೆ ಸಿಟ್ಟು ಬಂತು. ಕಿತ್ತುಕೊಳ್ಳಬೇಡ, ಬಾಯಲ್ಲಿ ಹೇಳು.' ಹೀಗೆ ಹತ್ತು ಸಲ ಹೇಳಬೇಕಾಗುತ್ತದೆ. ನಿಮಗೂ ಸಾಕಾಗುತ್ತದೆ, ನನಗೆ ಗೊತ್ತು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು ಬೇರೆ ಕಡೆ. ಅಜ್ಜಿ ಚಿತ್ರ ಕೇಳಿದಾಗ ಅವನು ನಿಮ್ಮ ಮುಖ ನೋಡಿದನಲ್ಲ, ಅಲ್ಲಿ. ಮೊದಲೇ ಮಾತು ಹೊರಗೆ ಬರಲು ಕಷ್ಟಪಡುವ ಹುಡುಗ. ಅವನ ಬಾಯಿಗೆ ಇನ್ನೊಂದು ಬೀಗ ಬಿದ್ದಿದೆ. 'ಅಲ್ಲಿ ಹೋಗೋದು ನಾಚಿಕೆಯ ವಿಷಯ' ಅಂತ ಯಾರೂ ಹೇಳದೆ ಅವನಿಗೆ ಅರ್ಥವಾಗುತ್ತಿದೆ. ನಿಮ್ಮನ್ನು ಬೈಯುತ್ತಿಲ್ಲ. ಜಗಳ ಬೇಡ ಅಂತ ಹೇಳಿದ ಸುಳ್ಳು ಅದು. ಆದರೆ ಈ ವಾರವೇ ಇಳಿಸಿಬಿಡಿ. ಮೊದಲು ಮಗನ ಹತ್ತಿರ: 'ಅವತ್ತು ಅಜ್ಜಿ ಕೇಳಿದಾಗ ನಿಂಗೆ ಕಷ್ಟ ಆಯ್ತು ಅಲ್ವಾ? ಸುಳ್ಳು ಹೇಳಿದ್ದು ನಾನು. ನಾನೇ ಸರಿ ಮಾಡ್ತೀನಿ.' ಆಮೇಲೆ ಅತ್ತೆಯವರ ಹತ್ತಿರ, ನಿಮ್ಮ ಯಜಮಾನರು ಪಕ್ಕದಲ್ಲಿದ್ದಾಗ. 'ಥೆರಪಿ' ಅನ್ನುವ ಪದ ಬೇಡ. 'ನಾಲ್ಕು ಮಕ್ಕಳ ಜೊತೆ ಬೆರೆಯೋದು ಕಲಿಸ್ತಾರೆ, ನೀವು ಹೇಳೋ ಬೀದಿ ಆಟಕ್ಕೆ ಹೋಗೋಕೆ ಧೈರ್ಯ ಬರಲಿ ಅಂತ' ಅನ್ನಿ. ಇದು ನಿಜವೂ ಹೌದು. ಮನೆಯಲ್ಲಿ ಅಳಗುಳಿಮಣೆಯೋ ಚೌಕಾಬಾರವೋ ಇದ್ದರೆ ಸಂಜೆ ಅವನ ಜೊತೆ ಅವರನ್ನೇ ಕೂರಿಸಿ. ಒಂದೇ ಕರಾರು: ಮೊಮ್ಮಗ ಅಂತ ಬೇಕೆಂದೇ ಸೋಲಬಾರದು. ಸರದಿ ಕಾಯುವುದು, ಸೋತ ಮೇಲೂ ಮಣೆ ಬಿಟ್ಟು ಏಳದಿರುವುದು, ಎರಡೂ ಅಲ್ಲೇ ಬರುತ್ತವೆ.

ಕೊಡುವ ದುಡ್ಡಿನ ಬಗ್ಗೆ ಕೇಳುವ ಹಕ್ಕು ನಿಮಗಿದೆ. ಬಾಗಿಲ ಸಂದಿ ಬಿಟ್ಟು ನೇರವಾಗಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿ ಇರುತ್ತದೆ. ಆಟದ ಚಿಕಿತ್ಸೆಯ ತರಬೇತಿ ಎಲ್ಲಿ ಆಯಿತು, ಉಳಿದ ಮೂವರ ವಯಸ್ಸೆಷ್ಟು, ನಿಮ್ಮ ಮಗನನ್ನು ಈ ಗುಂಪಿಗೇ ಯಾಕೆ ಹಾಕಿದರು ಅಂತ ವಿಚಾರಿಸಿ. ವಯಸ್ಸಿನಲ್ಲಿ ಒಂದೆರಡು ವರ್ಷಕ್ಕಿಂತ ಜಾಸ್ತಿ ಅಂತರ ಇರಬಾರದು. ಬೇರೆ ಮಕ್ಕಳ ಮನೆ ವಿಷಯ ಅವರು ಹೇಳುವುದಿಲ್ಲ, ಹೇಳಲೂಬಾರದು. ನಿಮ್ಮ ಮಗನ ಬಗ್ಗೆ ಮಾತ್ರ ಆಗಾಗ ನಿಮ್ಮನ್ನು ಬೇರೆಯಾಗಿ ಕೂರಿಸಿ ಮಾತಾಡಬೇಕು. ಆರು ವಾರದಲ್ಲಿ ಒಮ್ಮೆಯೂ ಮಾತಾಡಿಲ್ಲ ಅಂದರೆ ಅದು ಅವರ ತಪ್ಪು. ಮಗ ಅಲ್ಲಿಗೆ ಹೋಗಲು ಹೆದರಿದರೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ ಶನಿವಾರದವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಖರ್ಚು ಭಾರ ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ ನೋಡಿ. ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ.

ಮುಂದಿನ ಶನಿವಾರ ಅತ್ತೆಯವರನ್ನೂ ಆಟೋದಲ್ಲಿ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂರಲಿ. ಮಗ ಹೊರಗೆ ಬಂದಾಗ 'ಏನೇನಾಯ್ತು' ಅಂತ ಇಬ್ಬರೂ ಕೇಳಬೇಡಿ. ಮೂವರೂ ಮಂಡಕ್ಕಿ ಮಿರ್ಚಿ ತಿನ್ನಿ. ಅವನಿಗೆ ಹೇಳಬೇಕು ಅನ್ನಿಸಿದ್ದನ್ನು ಅವನೇ ಹೇಳುತ್ತಾನೆ. ಆಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.