ತಣ್ಣೀರ ಕಡಲಿಗೆ ಇಳಿಯುವ ಮುನ್ನ: ಬ್ರಿಟನ್ನಿನ ಸ್ಕೂಬಾ ಬಗ್ಗೆ ನಿಮ್ಮ ಪ್ರಶ್ನೆಗಳು

ಈಸ್ಟರ್ ಹತ್ತಿರ ಬಂತೆಂದರೆ ಬ್ರಿಟನ್ನಿನ ಡೈವಿಂಗ್ ಕ್ಲಬ್ಬುಗಳಲ್ಲಿ ಗಡಿಬಿಡಿ ಶುರು. ಚಳಿಗಾಲವಿಡೀ ಶೆಡ್ಡಿನಲ್ಲಿದ್ದ ಬೋಟು ಹೊರಗೆ ಬರುತ್ತದೆ. ಎಂಜಿನ್ ಸರ್ವಿಸ್ ಆಗುತ್ತದೆ, ಸಿಲಿಂಡರುಗಳು ಪರೀಕ್ಷೆಗೆ ಹೋಗುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಲ್ಲೇ ನೆಲೆಸಿರುವ ಕನ್ನಡಿಗರದ್ದು. ಒಂದೆರಡು ಪತ್ರ ಓದಿ ನನಗೆ ಸ್ವಲ್ಪ ಭಯವೂ ಆಯಿತು. ಅವುಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಮೂರು ವರ್ಷದ ಹಿಂದೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದೆ. ಈಗ ಕೆಲಸಕ್ಕೆಂದು ಮ್ಯಾಂಚೆಸ್ಟರ್‌ಗೆ ಬಂದಿದ್ದೇನೆ. ಕೋರ್ಸ್ ಮುಗಿಸಿದ ಕಾರ್ಡ್ ಇದೆಯಲ್ಲ, ನೇರವಾಗಿ ಸಮುದ್ರಕ್ಕೆ ಹೋಗಬಹುದಾ?

ಉತ್ತರ: ಕಾರ್ಡ್ ಇಲ್ಲೂ ನಡೆಯುತ್ತದೆ. ಆದರೆ ದಯವಿಟ್ಟು ನೇರವಾಗಿ ಹೋಗಬೇಡಿ. ನೇತ್ರಾಣಿಯಲ್ಲಿ ನೀವು ಇಳಿದ ನೀರು 27-28 ಡಿಗ್ರಿ ಇದ್ದಿರುತ್ತದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ 8-9 ಡಿಗ್ರಿ. ಆಗಸ್ಟ್ ಕೊನೆಗೆ ಏರಿದರೂ 17-18ರ ಆಸುಪಾಸು. ಕೈ ಮರಗಟ್ಟಿದಾಗ ಒಂದು ಬಕಲ್ ಬಿಚ್ಚುವುದೂ ಕಷ್ಟ. ಐದು ಮೀಟರ್ ಆಚೆ ಏನೂ ಕಾಣದ ದಿನಗಳೂ ಸಾಮಾನ್ಯ.

ಇಲ್ಲಿ ಹೆಚ್ಚಿನವರು ಡ್ರೈಸೂಟ್ ಹಾಕುತ್ತಾರೆ. ಕುತ್ತಿಗೆ ಮತ್ತು ಮಣಿಕಟ್ಟಿನ ಹತ್ತಿರ ಬಿಗಿಯಾದ ಸೀಲ್ ಇದ್ದು ನೀರು ಒಳಗೆ ಬರುವುದಿಲ್ಲ. ಒಳಗೆ ಬೆಚ್ಚನೆಯ ಬಟ್ಟೆ. ಆದರೆ ಅದರೊಳಗೆ ಗಾಳಿ ಇರುತ್ತದೆ, ಆ ಗಾಳಿ ಓಡಾಡುತ್ತದೆ. ತಲೆ ಕೆಳಗಾದರೆ ಗಾಳಿಯೆಲ್ಲ ಕಾಲಿಗೆ ನುಗ್ಗಿ, ನೀವು ತಲೆಕೆಳಗಾಗಿಯೇ ಮೇಲಕ್ಕೆ ಹಾರಬಹುದು. ಮಂಡಿ ಮಡಚಿ, ಉರುಳಿ, ಮತ್ತೆ ನೆಟ್ಟಗಾಗುವುದನ್ನು ಈಜುಕೊಳದಲ್ಲೇ ಹತ್ತು ಸಲ ಮಾಡಿ ನೋಡಬೇಕು.

ಅದಕ್ಕೇ ನಾನು ಕ್ಲಬ್ ಸೇರಿ ಎನ್ನುವುದು. ಬ್ರಿಟಿಷ್ ಸಬ್-ಅಕ್ವಾ ಕ್ಲಬ್ 1953ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಈಗ ದೇಶದ ಉದ್ದಗಲಕ್ಕೂ ಅದರ ಶಾಖೆಗಳಿವೆ. ಸ್ಕಾಟ್ಲೆಂಡಿನಲ್ಲಿ ಸ್ಕಾಟಿಷ್ ಸಬ್-ಅಕ್ವಾ ಕ್ಲಬ್ ಬೇರೆಯೇ ಇದೆ. ಸಾಮಾನ್ಯವಾಗಿ ವಾರದಲ್ಲಿ ಒಂದು ಸಂಜೆ ಊರಿನ ಈಜುಕೊಳದಲ್ಲಿ ಅಭ್ಯಾಸ, ಆಮೇಲೆ ಒಂದು ಕಡೆ ಕೂತು ಮಾತು. ಕಲಿಸುವವರು ಸಂಬಳಕ್ಕಲ್ಲ, ಪ್ರೀತಿಗೆ ಕಲಿಸುತ್ತಾರೆ. ಮೊದಲ ಡೈವ್‌ಗಳನ್ನು ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್‌ನಂಥ ನೀರು ತುಂಬಿದ ಹಳೆಯ ಕ್ವಾರಿಯಲ್ಲಿ ಮಾಡಿ. ಅಲ್ಲಿ ಸೆಳೆತವಿಲ್ಲ, ದಡ ಪಕ್ಕದಲ್ಲೇ ಇರುತ್ತದೆ.

ಇಳಿಯುವ ಮುನ್ನ ಜೊತೆಗಾರರ ಸಾಮಾನು ನೀವು, ನಿಮ್ಮದನ್ನು ಅವರು ನೋಡಬೇಕು. ಇದರಲ್ಲಿ ಒಂದು ಸಣ್ಣ ವಿಷಯ ಹೇಳುತ್ತೇನೆ, ಮರೆಯಬೇಡಿ. ಒತ್ತಡ ತೋರಿಸುವ ಗೇಜನ್ನು ಕಣ್ಣ ಮುಂದೆ ಹಿಡಿದು ಮೂರ್ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಅಲುಗಾಡಬಾರದು. ಉಸಿರೆಳೆದಾಗ ಕೆಳಗೆ ಬಿದ್ದು, ಬಿಟ್ಟಾಗ ಮೇಲೆ ಬಂದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ದಡದಲ್ಲಿ ಸರಿ ಅನ್ನಿಸುವ ಗಾಳಿ ಇಪ್ಪತ್ತು ಮೀಟರ್ ಕೆಳಗೆ ಸಾಲುವುದಿಲ್ಲ.

ಪ್ರಶ್ನೆ: ಕಳೆದ ಸೀಸನ್ನಿನಲ್ಲಿ ಮೂರು ಗಂಟೆ ಕಾರು ಓಡಿಸಿಕೊಂಡು ಹೋದೆವು. ಬಿಸಿಲಿತ್ತು, ಅಲೆ ಇರಲಿಲ್ಲ. ಆದರೂ ಆ ದಿನದ ಡೈವಿಂಗ್ ಉಸ್ತುವಾರಿ ಹೊತ್ತ ಡೈವ್ ಮಾರ್ಷಲ್ ಬೇಡ ಅಂದುಬಿಟ್ಟರು. 'ಸ್ಲ್ಯಾಕ್ ತಪ್ಪಿಹೋಯಿತು' ಅಂದರು. ಹತ್ತು ನಿಮಿಷ ತಡವಾದರೆ ಅಷ್ಟೊಂದು ವ್ಯತ್ಯಾಸವಾ?

ಉತ್ತರ: ಕೆಲವು ಜಾಗಗಳಲ್ಲಿ ಹೌದು, ಅಷ್ಟು ವ್ಯತ್ಯಾಸವಾಗುತ್ತದೆ. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಎರಡು ಮೀಟರಿಗಿಂತ ಕಡಿಮೆ. ಬ್ರಿಸ್ಟಲ್ ಚಾನೆಲ್‌ನಲ್ಲಿ ದೊಡ್ಡ ಉಬ್ಬರದ ದಿನ ಅದು 12 ಮೀಟರಿಗೂ ಜಾಸ್ತಿ. ಅಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬರಬೇಕು, ಮತ್ತೆ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ಎಲ್ಲ ಕಡೆ ಇಷ್ಟು ಇರುವುದಿಲ್ಲ, ಆದರೆ ಸೆಳೆತ ಎಲ್ಲ ಕಡೆಯೂ ಲೆಕ್ಕಕ್ಕೆ ಬರುತ್ತದೆ. ನೀರು ದಿಕ್ಕು ಬದಲಿಸುವ ನಡುವೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದಲ್ಲ, ಅದೇ ಸ್ಲ್ಯಾಕ್. ಕೆಲವು ಹಡಗಿನ ಅವಶೇಷಗಳ ಮೇಲೆ ಅದು ಅರ್ಧ ಗಂಟೆಯೂ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಸೆಳೆತ ಜೋರು, ಸ್ಲ್ಯಾಕ್ ಚಿಕ್ಕದು. ಅಷ್ಟಮಿಯ ಆಸುಪಾಸಿನಲ್ಲಿ ಸೆಳೆತ ಕಡಿಮೆ. ಇಲ್ಲಿನವರು ಅದನ್ನು ನೀಪ್ಸ್ ಅನ್ನುತ್ತಾರೆ. ಅನುಭವಿ ಕ್ಲಬ್ಬುಗಳು ವರ್ಷದ ಕ್ಯಾಲೆಂಡರನ್ನೇ ಇದರ ಮೇಲೆ ಹಾಕುತ್ತವೆ.

ಇನ್ನೊಂದು ಮಾತು. ಬಂದರಿನಲ್ಲಿ ಉಬ್ಬರ ತುಂಬಿದ ಹೊತ್ತಿಗೇ ಕಡಲ ನಡುವೆ ಸ್ಲ್ಯಾಕ್ ಇರುತ್ತದೆ ಅಂತಿಲ್ಲ. ಒಂದೆರಡು ಗಂಟೆ ಹಿಂದೆ ಮುಂದೆ ಆಗಬಹುದು. ಅದಕ್ಕೇ ಬೋಟಿನ ಸ್ಕಿಪ್ಪರ್ ಹಗ್ಗ ಕಟ್ಟಿದ ತೇಲುಬುರುಡೆ ನೀರಿನಲ್ಲಿ ಹೇಗೆ ನಿಂತಿದೆ ಎಂದು ನೋಡುತ್ತಾ ಕಾಯುತ್ತಾರೆ. ಬುರುಡೆ ಒಂದು ಕಡೆ ವಾಲಿ, ಅದರ ಹಿಂದೆ ನೀರು ಗೆರೆ ಎಳೆಯುತ್ತಿದ್ದರೆ ಸೆಳೆತ ಇನ್ನೂ ಇದೆ. ನೆಟ್ಟಗೆ ನಿಂತು ಹಗ್ಗ ಸಡಿಲವಾದರೆ ಇಳಿಯಬಹುದು. ಒಂದು ನಾಟ್, ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ. ವೇಗದ ಸೆಳೆತಕ್ಕೆ ಎದುರಾಗಿ ಬಹಳ ಹೊತ್ತು ಈಜಲು ಗಟ್ಟಿಗರಿಗೂ ಆಗುವುದಿಲ್ಲ. ಹಗ್ಗ ಬಿಟ್ಟುಹೋದರೆ ಮೇಲೆ ಬರುವ ಹೊತ್ತಿಗೆ ಬೋಟಿನಿಂದ ಎಷ್ಟೋ ದೂರ. ಆಗ ನಿಮ್ಮನ್ನು ಕಾಪಾಡುವುದು ಕೆಳಗಿನಿಂದಲೇ ಗಾಳಿ ತುಂಬಿ ಬಿಡುವ ಉದ್ದನೆಯ ಬಣ್ಣದ ತೇಲುಚೀಲ. ಅದಿಲ್ಲದೆ ಇಲ್ಲಿನ ಸಮುದ್ರಕ್ಕೆ ಇಳಿಯಬೇಡಿ.

ಆ ಮಾರ್ಷಲ್‌ಗೆ ನನ್ನ ಪರವಾಗಿ ಒಂದು ಥ್ಯಾಂಕ್ಸ್ ಹೇಳಿ. ಎಲ್ಲರೂ ಆಸೆಯಿಂದ ಸೂಟ್ ಹಾಕಿ ಕೂತಿರುವಾಗ ಬೇಡ ಅನ್ನುವುದು ಸುಲಭದ ಕೆಲಸವಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ರೆಗ್ಯುಲೇಟರ್ 'ಹೆಪ್ಪುಗಟ್ಟುತ್ತದೆ' ಅಂತಾರೆ. ನೀರೇ ಹೆಪ್ಪುಗಟ್ಟಿಲ್ಲ, ರೆಗ್ಯುಲೇಟರ್ ಹೇಗೆ?

ಉತ್ತರ: ಸಿಲಿಂಡರಿನ ಗಾಳಿಯ ಒತ್ತಡ ತಗ್ಗಿಸಿ ಉಸಿರಾಡಲು ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಸಿಲಿಂಡರಿನ ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗುವಾಗ ತುಂಬಾ ತಣ್ಣಗಾಗುತ್ತದೆ. ಸುತ್ತ 4-5 ಡಿಗ್ರಿ ನೀರಿದ್ದರೆ ರೆಗ್ಯುಲೇಟರಿನೊಳಗೆ ಸೊನ್ನೆಗಿಂತ ಕೆಳಗೆ ಹೋಗಿ, ತೇವ ಐಸ್ ಆಗಿ, ವಾಲ್ವ್ ತೆರೆದೇ ಉಳಿಯುತ್ತದೆ. ಗಾಳಿ ನಿಲ್ಲುವುದಿಲ್ಲ. ಧೋ ಎಂದು ಸುರಿಯುತ್ತದೆ.

ಒಂದು ಜನವರಿಯಲ್ಲಿ ಕ್ವಾರಿಯೊಂದರಲ್ಲಿ, 18 ಮೀಟರ್ ಆಳದಲ್ಲಿ ನನಗೆ ಹೀಗಾಯಿತು. ಬಾಯಿಯ ಸುತ್ತ ಗುಳ್ಳೆಗಳು, ಏನೂ ಕಾಣದು, ಕಿವಿಯ ತುಂಬಾ ಸದ್ದು. ಜೊತೆಗಾರ್ತಿ ಒಂದು ಕೈಯಳತೆಯಲ್ಲಿದ್ದಳು. ತನ್ನ ಹಳದಿ ಮೆದುಗೊಳವೆಯ ಹೆಚ್ಚುವರಿ ರೆಗ್ಯುಲೇಟರ್ ನನ್ನ ಕೈಗಿಟ್ಟು, ನನ್ನ ತೋಳು ಹಿಡಿದುಕೊಂಡೇ ನಿಧಾನವಾಗಿ ಮೇಲೆ ಕರೆದುಕೊಂಡು ಬಂದಳು. ಮೇಲೆ ಬಂದು ನೋಡಿದರೆ ನನ್ನ ಸಿಲಿಂಡರಿನಲ್ಲಿ ಉಳಿದದ್ದು 20 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಅವಳು ಐದು ಮೀಟರ್ ಆಚೆ ಇದ್ದಿದ್ದರೆ ಕಥೆ ಬೇರೆ ಇರುತ್ತಿತ್ತು.

ತಣ್ಣೀರಿಗೆ ತಕ್ಕ ರೆಗ್ಯುಲೇಟರನ್ನೇ ಬಳಸಿ. ಕೊರೆಯುವ ಚಳಿ ಇದ್ದರೆ ದಡದ ಮೇಲೆ ನಿಂತು ಅದರಲ್ಲಿ ಉಸಿರಾಡುತ್ತಾ ಕಾಯಬೇಡಿ, ಬಾಯಿಯ ಆವಿಯೇ ಐಸ್ ಆಗುತ್ತದೆ. ಸೂಟಿಗೆ ಗಾಳಿ ಬಿಡುವಾಗ ಬಟನ್ನನ್ನು ಸ್ವಲ್ಪ ಸ್ವಲ್ಪವೇ ಒತ್ತಿ.

ಪ್ರಶ್ನೆ: ನನ್ನ ಯಜಮಾನರಿಗೆ 54 ವರ್ಷ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ಸೀಸನ್ನಿನಲ್ಲಿ ಎರಡು ಸಲ ಡೈವ್ ಮುಗಿಸಿ ಬೋಟಿಗೆ ಬಂದಾಗ ಕೆಮ್ಮು, ಏದುಸಿರು. ಎದೆಯೊಳಗೆ ಗೊರಗೊರ ಸದ್ದು. ಅರ್ಧ ಗಂಟೆಯಲ್ಲಿ ಸರಿಯಾಯಿತು. 'ಉಪ್ಪುನೀರು ಕುಡಿದೆ ಅಷ್ಟೇ, ಯಾರಿಗೂ ಹೇಳಬೇಡ' ಅಂತಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಈ ಪತ್ರ ಓದಿ ನನಗೆ ಭಯವಾಯಿತು ಅಂದದ್ದು ಇದಕ್ಕೇ. ಅವರು ಸದ್ಯಕ್ಕೆ ನೀರಿಗೆ ಇಳಿಯಬಾರದು. ಕೊಳದಲ್ಲಿ ಈಜುವುದೂ ಬೇಡ. ಮೊದಲು ಡೈವಿಂಗ್ ವೈದ್ಯಕೀಯ ಬಲ್ಲ ಡಾಕ್ಟರನ್ನು ನೋಡಬೇಕು.

ಉಪ್ಪುನೀರು ಕುಡಿದದ್ದೂ ಇರಬಹುದು. ಆದರೆ ನೀವು ಬರೆದ ಲಕ್ಷಣಗಳು ನೀರಿಗಿಳಿದಾಗ ಬರುವ ಶ್ವಾಸಕೋಶದ ಊತಕ್ಕೆ ಸರಿಯಾಗಿ ಹೊಂದುತ್ತವೆ. ಇಂಗ್ಲಿಷಿನಲ್ಲಿ ಇಮ್ಮರ್ಶನ್ ಪಲ್ಮನರಿ ಇಡೀಮಾ ಅನ್ನುತ್ತಾರೆ. ಇದಕ್ಕೆ ನೀರು ಕುಡಿಯಬೇಕಾಗಿಲ್ಲ. ನೀರಿನೊಳಗೆ ಹೋದಾಗ ಕಾಲು, ಹೊಟ್ಟೆಯ ರಕ್ತ ಎದೆಯ ಕಡೆಗೆ ಬರುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ಇನ್ನಷ್ಟು ರಕ್ತ ಅಲ್ಲಿಗೇ ಸೇರುತ್ತದೆ. ಹೃದಯಕ್ಕೆ ಆ ಒತ್ತಡ ತಡೆಯಲು ಆಗದಿದ್ದರೆ ರಕ್ತದ ನೀರಿನಂಶ ಶ್ವಾಸಕೋಶದ ಒಳಗೆ ಸೋರುತ್ತದೆ. ಬ್ರಿಟನ್ನಿನ ಹೃದಯತಜ್ಞ ಪೀಟರ್ ವಿಲ್ಮ್ಸ್‌ಹರ್ಸ್ಟ್ ಮತ್ತವರ ಜೊತೆಗಾರರು 1989ರಲ್ಲೇ ಇದನ್ನು ವಿವರವಾಗಿ ಬರೆದರು. ರಕ್ತದೊತ್ತಡ ಇರುವವರು, ಮಧ್ಯವಯಸ್ಸು ದಾಟಿದವರು, ತಣ್ಣೀರಿನಲ್ಲಿ ಜೋರಾಗಿ ಈಜುವವರು ಹೆಚ್ಚು ಎಚ್ಚರವಾಗಿರಬೇಕು. ಆದರೆ ಗಟ್ಟಿಮುಟ್ಟಾದವರಿಗೂ ಬಂದಿದೆ.

ಇದರ ದೊಡ್ಡ ಮೋಸ ಯಾವುದು ಗೊತ್ತಾ? ನೀರಿನಿಂದ ಹೊರಗೆ ಬಂದ ಕೂಡಲೇ ಎಷ್ಟೋ ಸಲ ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಾಗಿ ಜನ ನಂಬುವುದಿಲ್ಲ. ಆದರೆ ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಮತ್ತೆ ಬಂದಾಗ ಜೀವಕ್ಕೇ ಅಪಾಯ. ನೀರಿನೊಳಗೆ ಯಾರಾದರೂ ಕೆಮ್ಮುತ್ತಾ, ಗಾಬರಿಯಿಂದ, ಗಾಳಿ ಬರುತ್ತಿಲ್ಲ ಎಂದು ಸನ್ನೆ ಮಾಡಿದರೆ, ಗೇಜ್ ಪ್ರಕಾರ ಸಿಲಿಂಡರ್ ತುಂಬಿದ್ದರೂ ಸರಿ, ಡೈವ್ ಅಲ್ಲಿಗೇ ಮುಗಿಸಿ. ಹೊರಗೆ ತಂದು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಆಕ್ಸಿಜನ್ ಕೊಡಿ. ಸಮುದ್ರದಲ್ಲಿದ್ದರೆ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕೋಸ್ಟ್‌ಗಾರ್ಡನ್ನು ಕರೆಯಿರಿ. ದಡದಲ್ಲಿದ್ದರೆ 999.

ಯಜಮಾನರಿಗೆ ಈ ಉತ್ತರವನ್ನೇ ತೋರಿಸಿ. ಯಾರಿಗೂ ಹೇಳಬೇಡ ಎಂದರೂ ಕ್ಲಬ್ಬಿನ ಡೈವಿಂಗಿನ ಹೊಣೆ ಹೊತ್ತ ಡೈವಿಂಗ್ ಆಫೀಸರ್‌ಗೆ ನೀವು ಹೇಳಲೇಬೇಕು. ಇದು ಚಾಡಿ ಅಲ್ಲ. ಬ್ರಿಟಿಷ್ ಸಬ್-ಅಕ್ವಾ ಕ್ಲಬ್ ಹಲವು ದಶಕಗಳಿಂದ ಪ್ರತಿ ವರ್ಷ ಅವಘಡಗಳ ವರದಿ ಹೊರತರುತ್ತಿದೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಸದಸ್ಯರಲ್ಲದವರೂ ತಮ್ಮ ಅನುಭವ ಬರೆದು ಕಳಿಸಬಹುದು. ನಮ್ಮ ಕ್ಲಬ್ಬಿನಲ್ಲಿ ಚಳಿಗಾಲದ ಒಂದು ಸಂಜೆ ಅದನ್ನು ಜೋರಾಗಿ ಓದುತ್ತೇವೆ. ಮುಂದಿನ ಸೀಸನ್ನಿನಲ್ಲಿ ಯಾರದೋ ಜೀವ ಉಳಿಯುವುದು ಹಾಗೆ ಹೇಳಿಕೊಂಡವರಿಂದ.

ಪ್ರಶ್ನೆ: ಭಾನುವಾರ ಎರಡು ಡೈವ್ ಮಾಡಿದೆ. ಆಳ, ಸಮಯ ನೋಡಿ ಎಚ್ಚರಿಸುವ ಡೈವ್ ಕಂಪ್ಯೂಟರ್ ಪ್ರಕಾರ ಎಲ್ಲ ಸರಿ ಇತ್ತು. ರಾತ್ರಿ ಭುಜ ನೋವು ಶುರುವಾಯಿತು. ಸಿಲಿಂಡರ್ ಎತ್ತಿದ್ದಕ್ಕೆ ಅಂದುಕೊಂಡು ಮಲಗಿದೆ. ಬುಧವಾರ ತಾನಾಗಿಯೇ ಹೋಯಿತು. ಏನಾಗಿರಬಹುದು?

ಉತ್ತರ: ಸ್ನಾಯು ನೋವೂ ಇರಬಹುದು, ರಕ್ತದಲ್ಲಿ ಸಾರಜನಕದ ಗುಳ್ಳೆ ಎದ್ದು ಬರುವ ಬೆಂಡ್ಸ್ ಕೂಡ ಇರಬಹುದು. ಕಂಪ್ಯೂಟರ್ ಸರಿ ತೋರಿಸಿದ ಮೇಲೂ ಬೆಂಡ್ಸ್ ಬರುತ್ತದೆ. ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಸಣ್ಣ ಕಿಂಡಿ ಉಳಿದಿರುತ್ತದೆ. ಕೆಲವು ಬಗೆಯ ಬೆಂಡ್ಸ್‌ಗೆ ಅದೂ ಒಂದು ದಾರಿ. ಮತ್ತೆ ಡೈವ್ ಮಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಮುಂದೆ ಹೀಗಾದರೆ ಅದೇ ರಾತ್ರಿ ಫೋನ್ ಮಾಡಿ. ಡೈವಿಂಗ್ ಅವಘಡಗಳಿಗೆಂದೇ ಇಲ್ಲಿ ಹಗಲು ರಾತ್ರಿ ಸಲಹೆ ಸಿಗುತ್ತದೆ. ಪ್ಲಿಮತ್‌ನಲ್ಲಿ ಇರುವಂಥ ಒತ್ತಡದ ಚೇಂಬರುಗಳಲ್ಲಿ ಚಿಕಿತ್ಸೆ ಕೊಡುತ್ತಾರೆ. ಬೇಗ ಹೋದಷ್ಟೂ ಒಳ್ಳೆಯದು. ಆಂಬುಲೆನ್ಸ್ ಬಂದರೆ ಮೊದಲ ಮಾತಿಗೇ 'ನಾನು ಇವತ್ತು ಡೈವ್ ಮಾಡಿದ್ದೇನೆ' ಅನ್ನಿ. ಇಲ್ಲಿನ ಆಂಬುಲೆನ್ಸ್‌ಗಳಲ್ಲಿ ನೋವಿಗೆ ಕೊಡುವ ಎಂಟೊನಾಕ್ಸ್ ಎಂಬ ಗ್ಯಾಸ್ ಇರುತ್ತದೆ. ಅದು ಗುಳ್ಳೆಗಳನ್ನು ಹಿಗ್ಗಿಸುತ್ತದೆ, ಬೆಂಡ್ಸ್ ಆದವರಿಗೆ ಕೊಡಬಾರದು. ನೋವು ಹೋಗಲಿ ಎಂದು ಮತ್ತೆ ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಪ್ರಶ್ನೆ: ಮುಂದಿನ ವರ್ಷ ಕ್ಲಬ್ಬಿನವರು ಸ್ಕಾಪಾ ಫ್ಲೋಗೆ ಹೊರಟಿದ್ದಾರೆ. ನೆನಪಿಗೆ ಅಲ್ಲಿ ಮುಳುಗಿರುವ ಹಡಗಿನ ಒಂದು ಹಿತ್ತಾಳೆ ಚೂರು ತರಬಹುದಾ?

ಉತ್ತರ: ತರಬಾರದು. ಆದರೆ ಹೋಗಿ ಬನ್ನಿ, ಖಂಡಿತ ಹೋಗಿ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ನಡುವಿನ ಆ ಕೊಲ್ಲಿಯಲ್ಲಿ 1919ರ ಜೂನ್ 21ರಂದು ಸೋತ ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿತು. ಅಲ್ಲಿದ್ದ 74 ಹಡಗುಗಳಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಎತ್ತಿ ಗುಜರಿಗೆ ಹಾಕಿದರು. ಈಗ ಡೈವರ್‌ಗಳು ನೋಡಲು ಹೋಗುವುದು ಉಳಿದ ಮೂರು ಯುದ್ಧನೌಕೆ, ನಾಲ್ಕು ಕ್ರೂಸರ್. ಇವೆಲ್ಲ ಕಾನೂನಿನ ರಕ್ಷಣೆಯಲ್ಲಿವೆ, ನೋಡಬಹುದು, ಮುಟ್ಟಿ ಕೀಳುವ ಹಾಗಿಲ್ಲ. ಅದೇ ಕೊಲ್ಲಿಯಲ್ಲಿ 1939ರಲ್ಲಿ ಮುಳುಗಿದ ರಾಯಲ್ ಓಕ್ 800ಕ್ಕೂ ಹೆಚ್ಚು ನಾವಿಕರ ಸಮಾಧಿ. ಅಲ್ಲಿ ಡೈವಿಂಗ್ ನಿಷೇಧ. ಬೇರೆ ಕಡೆ ಯಾವುದೇ ಹಡಗಿನ ಚೂರು ಸಿಕ್ಕಿ ಮೇಲೆ ತಂದರೆ 28 ದಿನದೊಳಗೆ ರಿಸೀವರ್ ಆಫ್ ರೆಕ್ ಎಂಬ ಸರ್ಕಾರಿ ಅಧಿಕಾರಿಗೆ ತಿಳಿಸಬೇಕು.

ಹವ್ಯಾಸಿ ಕ್ಲಬ್ಬಿನವರಿಗೆ ಏನು ಮಾಡಲು ಸಾಧ್ಯ ಎನ್ನುವುದಕ್ಕೆ ಮೇರಿ ರೋಸ್ ನೋಡಿ. ಎಂಟನೇ ಹೆನ್ರಿಯ ಕಾಲದ, 1545ರಲ್ಲಿ ಮುಳುಗಿದ ಆ ಹಡಗಿನ ಹುಡುಕಾಟವನ್ನು 1965ರಲ್ಲಿ ಶುರು ಮಾಡಿದ್ದು ಅಲೆಕ್ಸಾಂಡರ್ ಮೆಕ್ಕೀ ಮತ್ತು ಬ್ರಿಟಿಷ್ ಸಬ್-ಅಕ್ವಾ ಕ್ಲಬ್ಬಿನ ಸೌತ್‌ಸೀ ಶಾಖೆಯ ಡೈವರ್‌ಗಳು. 1971ರಲ್ಲಿ ಹಡಗು ಪತ್ತೆಯಾಯಿತು, 1982ರಲ್ಲಿ ಮೇಲೆದ್ದಿತು.

ಸ್ಕಾಪಾದ ಯುದ್ಧನೌಕೆಗಳು ಮಗುಚಿ ಬಿದ್ದಿವೆ, ತಳ 45 ಮೀಟರ್ ತನಕ ಇದೆ. ಹೋಗುವ ಮೊದಲು ಗಾಳಿಯ ಲೆಕ್ಕ ಕಾಗದದ ಮೇಲೆ ಮಾಡಿ. 12 ಲೀಟರ್ ಸಿಲಿಂಡರಿಗೆ 232 ಬಾರ್ ತುಂಬಿದರೆ 2,784 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದು, ಅದು 600 ಲೀಟರ್. ಉಳಿದದ್ದು 2,184. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವರು ಒತ್ತಡ ನಾಲ್ಕು ಪಟ್ಟಾಗುವ 30 ಮೀಟರಿನಲ್ಲಿ 80 ಎಳೆಯುತ್ತಾರೆ. ಅಂದರೆ 27 ನಿಮಿಷ. ಚಳಿಗೋ ಗಾಬರಿಗೋ ಉಸಿರು ಒಂದೂವರೆ ಪಟ್ಟು ಆದರೆ 18 ನಿಮಿಷ. ಇಳಿಯುವುದು, ಏರುವುದು, ಜೊತೆಗಾರರಿಗೆ ಕೊಡಬೇಕಾದದ್ದು ಎಲ್ಲ ಇದರಲ್ಲೇ ಬರಬೇಕು. ಈ ಲೆಕ್ಕವನ್ನು ನಿಮ್ಮ ಜೊತೆಗಾರರ ಎದುರು ಕೂತು, ಅವರ ಉಸಿರಿನ ಅಂಕಿಯನ್ನೂ ಕೇಳಿ ಮಾಡಿ. ಇಬ್ಬರಲ್ಲಿ ಯಾರಿಗೆ ಬೇಗ ಖಾಲಿಯಾಗುತ್ತದೋ ಅವರ ಲೆಕ್ಕವೇ ಇಬ್ಬರಿಗೂ.