ಹಿತ್ತಾಳೆ ವಾಲ್ವಿನ ಪಕ್ಕದಲ್ಲೇ ಜಿಐ ಪೈಪು ತೂತಾಗುವುದೇಕೆ?

ನಮಸ್ಕಾರ. ಗದಗದ ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರಿನ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು) ಹಿತ್ತಾಳೆಯ ವಾಲ್ವನ್ನು ಸೇರುವ ಜಾಗದಲ್ಲಷ್ಟೇ ಎರಡೇ ವರ್ಷಕ್ಕೆ ತೂತು ಬಿದ್ದಿದೆ, ಉಳಿದ ಪೈಪು ಗಟ್ಟಿಯಾಗಿಯೇ ಇದೆ ಎಂದು ಬರೆದಿದ್ದೀರಿ. ಪೈಪಿನ ಗುಣಮಟ್ಟವನ್ನು ದೂರುವ ಮೊದಲು ಆ ಜೋಡಣೆಯನ್ನೇ ಅನುಮಾನಿಸಬೇಕೆಂಬುದು ನನ್ನ ಅಭಿಪ್ರಾಯ.

ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿ ನೆನೆಯುತ್ತಿದ್ದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಏರ್ಪಡುತ್ತದೆ. ಪ್ರಮಾಣಿತ ವಿಭವ (ಇದು ಕಡಿಮೆಯಿದ್ದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ) ಸತುವಿಗೆ −0.76 ವೋಲ್ಟ್, ಕಬ್ಬಿಣಕ್ಕೆ −0.44, ತಾಮ್ರಕ್ಕೆ +0.34; ಆದ್ದರಿಂದ ತಾಮ್ರವೇ ಹೆಚ್ಚಿರುವ ಹಿತ್ತಾಳೆ ಉಳಿದುಕೊಂಡು, ಮೊದಲು ಸತುವಿನ ಲೇಪವೂ ಅದು ತೀರಿದ ಮೇಲೆ ಕಬ್ಬಿಣವೂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ಕರಗುತ್ತವೆ, ಆ ಎಲೆಕ್ಟ್ರಾನುಗಳನ್ನು ನೀರಿನಲ್ಲಿರುವ ಆಮ್ಲಜನಕ ಹಿತ್ತಾಳೆಯ ಮೇಲ್ಮೈಯಲ್ಲಿ ಪಡೆದುಕೊಳ್ಳುತ್ತದೆ. ಸವುಳು ನೀರಾದರೆ ವಿದ್ಯುತ್ತು ಇನ್ನೂ ಸಲೀಸಾಗಿ ಹರಿಯುತ್ತದೆ.

ಕಿತ್ತ ತುಂಡನ್ನು ಒಮ್ಮೆ ನೋಡಿ: ಥ್ರೆಡ್ ಕೊರೆಯುವಾಗ ಅಲ್ಲಿನ ಸತು ಕೆತ್ತಿಹೋಗಿ, ಪೈಪಿನ ಗೋಡೆಯೂ ತೆಳುವಾಗಿರುತ್ತದೆ. ಟೆಫ್ಲಾನ್ ಟೇಪ್ ಸುತ್ತಿದ್ದೇವಲ್ಲ ಎನ್ನಬಹುದು. ಬಿಗಿಯುವಾಗ ಥ್ರೆಡ್ಡಿನ ಅಂಚು ಟೇಪನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗಿಯೇ ತಾಗುತ್ತದೆ.

ವಾಲ್ವಿಗೂ ಪೈಪಿಗೂ ನಡುವೆ ವಿದ್ಯುತ್ತು ಹರಿಯದ ಯುಪಿವಿಸಿ ಪ್ಲಾಸ್ಟಿಕ್ ಪೈಪಿನ ಒಂದು ಗೇಣು ತುಂಡನ್ನು ಹಾಕಿಸಿ. ಆದರೆ ಮನೆಯ ಅರ್ಥಿಂಗನ್ನು ಆ ಪೈಪಿಗೇ ಕೊಟ್ಟಿದ್ದರೆ ಪ್ಲಾಸ್ಟಿಕ್ ತುಂಡು ಅದರ ದಾರಿಯನ್ನು ಕಡಿದುಬಿಡುತ್ತದೆ; ಮೊದಲು ಪೈಪನ್ನು ನೆಚ್ಚದ ಬೇರೆ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿಕೊಳ್ಳಿ.