ಮನೆ ಜಪ್ತಿಯ ನೋಟಿಸ್ ಬಂದಾಗ

ಪ್ರಶ್ನೆ: ಗೃಹಸಾಲದ ಕಂತುಗಳು ಬಾಕಿಯಾಗಿವೆ. ನಮಗೆ ತಿಳಿಸದೆ ಬಡ್ಡಿ ಏರಿಸಿದ್ದ ಬ್ಯಾಂಕು ಈಗ ಮನೆಯನ್ನು ವಶಪಡಿಸಿಕೊಳ್ಳುವುದಾಗಿ ನೋಟಿಸ್ ಕಳುಹಿಸಿದೆ. ಪ್ರಶ್ನಿಸಬಹುದೇ?

ಉತ್ತರ: ಖಂಡಿತ. ಭಾರತದಲ್ಲಿ 2002ರ ಸರ್ಫೇಸಿ ಕಾಯ್ದೆಯು ನ್ಯಾಯಾಲಯದ ಮೆಟ್ಟಿಲೇರದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿದೆಯಾದರೂ, ಅದಕ್ಕೂ ಮೊದಲು 60 ದಿನಗಳ ನೋಟಿಸ್ ನೀಡಲೇಬೇಕು; ಆ ಅವಧಿಯಲ್ಲಿ ನೀವು ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಅದನ್ನು ಒಪ್ಪದಿರಲು ಕಾರಣಗಳನ್ನು 15 ದಿನಗಳೊಳಗೆ ತಿಳಿಸುವುದು ಬ್ಯಾಂಕಿನ ಹೊಣೆ. ಬಡ್ಡಿಯ ತಕರಾರನ್ನು ಇಲ್ಲಿಯೇ, ದಾಖಲೆಗಳ ಸಮೇತ ಎತ್ತಿ. ಶಾಖೆಯವರ ಬಾಯಿಮಾತಿನ ಭರವಸೆ ಮುಂದೆ ಕೆಲಸಕ್ಕೆ ಬಾರದು. ವಶಪಡಿಸಿಕೊಳ್ಳುವ ಕ್ರಮ ಕೈಗೊಂಡ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಕ್ರಮವು ಕಾಯ್ದೆಗೆ ವಿರುದ್ಧವೆಂದು ಕಂಡುಬಂದರೆ ಮನೆಯನ್ನು ಹಿಂದಿರುಗಿಸುವಂತೆ ಆದೇಶಿಸುವ ಅಧಿಕಾರ ಅದಕ್ಕಿದೆ. ಸೇವಾಲೋಪದ ಬಗ್ಗೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೂ ದೂರು ನೀಡಬಹುದು, ಆದರೆ ದೂರಿತ್ತ ಮಾತ್ರಕ್ಕೆ ಜಪ್ತಿ ನಿಲ್ಲದು.